ಕನ್ನಡಿಯ ಬೆನ್ನು ನೋಡದೆ ಒಪ್ಪಿಕೊಂಡ ಕೆಲಸ

ಬೆಳಗಾವಿಯಲ್ಲಿ ಹದಿನಾಲ್ಕು ವರ್ಷಗಳಿಂದ ಮನೆಗಳ ಒಳಾಂಗಣ ಮತ್ತು ಪೀಠೋಪಕರಣಗಳ ಕೆಲಸ ಮಾಡುತ್ತಿರುವ ನನಗೆ ಹಳೆಯ ಕನ್ನಡಿಗಳ ಬಗ್ಗೆ ಎಲ್ಲ ಮನೆಗಳಲ್ಲೂ ಕೇಳಿಬರುವ ಮಾತು ಒಂದೇ: "ರಸ ಬಿಟ್ಟೈತ್ರಿ," ಅಂದರೆ ಬೆನ್ನಿನ ಪಾದರಸ ಬಿಟ್ಟುಹೋಗಿದೆ ಎಂದು. ಇಂದಿನ ಕನ್ನಡಿಯಲ್ಲಿ ಪಾದರಸದ ಸುಳಿವೂ ಇರುವುದಿಲ್ಲ, ಗಾಜಿನ ಬೆನ್ನಿಗಿರುವುದು ಬೆಳ್ಳಿಯ ಇಲ್ಲವೆ ಅಲ್ಯೂಮಿನಿಯಂನ ತೆಳುಪದರ, ಅದನ್ನು ಕಾಯಲು ಬಣ್ಣದ ಲೇಪ. ಹಾಗಾಗಿ ಆ ಮಾತನ್ನು ಹಳೆಯ ರೂಢಿಯೆಂದು ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ಉದಾಸೀನಕ್ಕೆ ಒಂದು ಒಳ್ಳೆಯ ಕನ್ನಡಿ ಬಲಿಯಾಯಿತು.

ಶಹಾಪುರದ ತಮ್ಮ ಹಿರಿಯರ ಮನೆಯನ್ನು ಬಿಟ್ಟು ಟಿಳಕವಾಡಿಯಲ್ಲಿ ಹೊಸ ಮನೆ ಕಟ್ಟಿಸಿದ ಕುಟುಂಬವೊಂದು ನಡುಮನೆಯ ಕೆಲಸವನ್ನು ನನಗೆ ಒಪ್ಪಿಸಿತ್ತು. ಕೆತ್ತನೆಯಿಲ್ಲದ, ತಗ್ಗಿನ, ಸಾಗವಾನಿ ಮತ್ತು ಬೆತ್ತದ ಆಸನಗಳು ಬೇಕೆಂಬುದು ಮಗನ ಅಪೇಕ್ಷೆ. 1950ರ ದಶಕದಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜಾನರೆ ಮತ್ತು ಅವರ ಸಂಗಡಿಗರು ಚಂಡೀಗಡದ ಸರಕಾರಿ ಕಚೇರಿಗಳಿಗಾಗಿ ರೂಪಿಸಿದ ಕುರ್ಚಿಗಳೇ ಅವರ ಮನಸ್ಸಿನಲ್ಲಿದ್ದವು. ಒಂದು ಕಾಲಕ್ಕೆ ಗುಜರಿಗೆ ಹೋಗುತ್ತಿದ್ದ ಆ ಕುರ್ಚಿಗಳು ಇಂದು ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ಬೆಲೆಗೆ ಹೋಗುತ್ತವೆ. ನಾವು ಮಾಡಿಕೊಟ್ಟದ್ದು ಅವುಗಳ ಮಾದರಿಯನ್ನಷ್ಟೆ, ಮತ್ತು ಅದನ್ನು ಬಿಲ್ಲಿನಲ್ಲಿಯೂ ಸ್ಪಷ್ಟವಾಗಿ ಬರೆದೆ. (ಮಾದರಿಯನ್ನು ಮೂಲವೆಂದು ಮಾರುವವರು ನಮ್ಮ ವೃತ್ತಿಯಲ್ಲಿ ಕಡಿಮೆಯೇನಿಲ್ಲ.) ಅಂಥ ಬರಿದಾದ ಕೋಣೆಯಲ್ಲಿ ಅಲಂಕಾರವೆಂದು ಉಳಿಯಬೇಕಾದದ್ದು ಒಂದೇ ವಸ್ತು: ಹಳೆಯ ಮನೆಯಿಂದ ಬಂದ, ಬೀಟೆಯ ಕೆತ್ತನೆಯ ಚೌಕಟ್ಟಿನ, ಆಳೆತ್ತರದ ಕನ್ನಡಿ. ಮನೆಯವರು ಅದನ್ನು ಬೆಲ್ಜಿಯಂ ಕನ್ನಡಿ ಎನ್ನುತ್ತಿದ್ದರು. ನಮ್ಮ ಕಡೆ ಅಂಚು ಅರೆದ ದಪ್ಪ ಗಾಜಿನ ಹಳೆಯ ಕನ್ನಡಿಗಳೆಲ್ಲಕ್ಕೂ ಅದೇ ಹೆಸರು. ಅದು ಎಲ್ಲಿಂದ ಬಂದಿತೆಂಬುದಕ್ಕೆ ಆ ಹೆಸರು ಪುರಾವೆಯಲ್ಲ.

ಕನ್ನಡಿಯ ಕೆಳಗಿನ ಅಂಚು ಮಬ್ಬಾಗಿ ಕಲೆಗಟ್ಟಿತ್ತು. ಬೆನ್ನಿಗೆ ಮುಚ್ಚಿದ್ದ ಹಿಂದಲಗೆಯನ್ನು ತೆಗೆದ ನಮ್ಮ ಬಡಿಗೇರ ಕಾಕಾ, "ಸಾಹೇಬ್ರ, ಇದರ ಬೆನ್ನಿಗಿ ಬಣ್ಣನ ಇಲ್ಲ ನೋಡ್ರಿ," ಎಂದರು. ಗೃಹಪ್ರವೇಶಕ್ಕೆ ಒಂಬತ್ತು ದಿನಗಳಷ್ಟೇ ಉಳಿದಿದ್ದವು. ಬಣ್ಣ ಉದುರಿರಬೇಕು ಎಂದು ಹೇಳಿ ನಾನು ಅದನ್ನು ಗಾಜಿನ ಅಂಗಡಿಗೆ ಕಳುಹಿಸಿದೆ. ಹಳೆಯ ಲೇಪವನ್ನು ಕೆರೆದು ಹೊಸ ಬೆಳ್ಳಿ ಹಾಕಿಸುವುದೆಂದು ಮಾತಾಗಿತ್ತು. ಕೆರೆಯುವಾಗ ಗಾಜಿಗೆ ಗೀರು ಬಿದ್ದವೆಂದು ಅಂಗಡಿಯವರು ಕೊನೆಗೆ ಹೊಸ ಕನ್ನಡಿಯನ್ನೇ ಕತ್ತರಿಸಿ ಚೌಕಟ್ಟಿಗೆ ಕೂರಿಸಿ ಕಳುಹಿಸಿದರು.

ಕಾಕಾ ಕಂಡದ್ದು ಏನೆಂಬುದು ಆಮೇಲೆ ನನಗೆ ತಿಳಿಯಿತು. ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ 1835ರಲ್ಲಿ ಗಾಜಿನ ಮೇಲೆ ಬೆಳ್ಳಿಯನ್ನು ರಾಸಾಯನಿಕವಾಗಿ ಕೂರಿಸುವ ದಾರಿಯನ್ನು ತೋರಿಸುವವರೆಗೆ, ಅದು ಬಳಕೆಗೆ ಬಂದ ಮೇಲೂ ಹಲವು ದಶಕಗಳ ಕಾಲ, ಕನ್ನಡಿಗಳು ನಿಜವಾಗಿಯೂ ಪಾದರಸದಿಂದಲೇ ತಯಾರಾಗುತ್ತಿದ್ದವು. ಸಮತಟ್ಟಾದ ಮೇಜಿನ ಮೇಲೆ ತವರದ ತೆಳು ಹಾಳೆಯನ್ನು ಹಾಸಿ, ಅದರ ಮೇಲೆ ಪಾದರಸವನ್ನು ಸುರಿದು, ಗಾಜನ್ನು ಮೆಲ್ಲಗೆ ಜಾರಿಸಿ ಕೂರಿಸಿ, ಮೇಲೆ ಭಾರವಿಟ್ಟು ದಿನಗಟ್ಟಲೆ ಬಿಡುತ್ತಿದ್ದರು. ಹೆಚ್ಚಿನ ರಸ ಸೋರಿಹೋದ ಮೇಲೆ ತವರ ಮತ್ತು ಪಾದರಸಗಳ ಮಿಶ್ರಲೋಹ ಗಾಜಿಗೆ ಅಂಟಿಕೊಳ್ಳುತ್ತಿತ್ತು. ಆ ಪದರದಲ್ಲಿ ಉಳಿದ ದ್ರವ ವರ್ಷಗಳು ಕಳೆದಂತೆ ಕೆಳಕ್ಕೆ ಇಳಿಯುವುದರಿಂದ ಇಂಥ ಕನ್ನಡಿ ಮೊದಲು ಕೆಡುವುದು ಕೆಳಗಿನ ಅಂಚಿನಲ್ಲಿ. ಅದರ ಬೆನ್ನಿಗೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ, ಹಿಂದಲಗೆಯೇ ಅದಕ್ಕೆ ಕಾವಲು. "ರಸ ಬಿಟ್ಟೈತಿ" ಎಂಬ ಮಾತು ಆ ಮನೆಯ ಮಟ್ಟಿಗೆ ಅಕ್ಷರಶಃ ನಿಜವಾಗಿತ್ತು.

ಕನ್ನಡಿ ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಅಂಗಡಿಯ ಹುಡುಗನೊಬ್ಬ ಕಿಟಕಿಯಿಲ್ಲದ ಹಿಂಬದಿಯ ಕೋಣೆಯಲ್ಲಿ, ಬರಿಗೈಯಲ್ಲಿ, ಬ್ಲೇಡಿನಿಂದ ಆ ಲೇಪವನ್ನು ಕೆರೆದು, ಬಿದ್ದ ಪುಡಿಯನ್ನು ಕಸಬರಿಗೆಯಿಂದ ಗುಡಿಸಿದ್ದನು. ಪಾದರಸ ಕೋಣೆಯ ಸಾಧಾರಣ ಶಾಖಕ್ಕೇ ಆವಿಯಾಗುತ್ತದೆ, ಗುಡಿಸಿದರೆ ಸಣ್ಣ ಹನಿಗಳಾಗಿ ಇನ್ನಷ್ಟು ಹರಡುತ್ತದೆ. ವಿಷಯ ತಿಳಿದ ದಿನವೇ ಹೋಗಿ ಅವನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ತಪ್ಪು ಅಂಗಡಿಯದಲ್ಲ, ಒಳಗೆ ಏನಿದೆಯೆಂದು ಹೇಳಬೇಕಾಗಿದ್ದವನು ನಾನು.

ಗೃಹಪ್ರವೇಶದ ದಿನ ಮನೆಯ ಹಿರಿಯರಾದ ಅವ್ವನವರು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, "ಮಾರಿ ಛಲೋ ಕಾಣಸ್ತೈತಿ ತಮ್ಮಾ, ಆದರ ಇದು ನಮ್ಮ ಅತ್ತಿಯವರ ಕನ್ನಡಿ ಅಲ್ಲ," ಎಂದರು. ಅವರ ಕಣ್ಣು ಸರಿಯಾಗಿತ್ತು. ತವರ ಮತ್ತು ಪಾದರಸದ ಪದರ ಬೆಳ್ಳಿಗಿಂತ ಕಡಿಮೆ ಬೆಳಕನ್ನು ಹಿಂತಿರುಗಿಸುತ್ತದೆ. ಪ್ರತಿಬಿಂಬ ತುಸು ಬೂದು, ತುಸು ಮೃದು. 1959ರಲ್ಲಿ ಪಿಲ್ಕಿಂಗ್‌ಟನ್ ಕಂಪನಿ ಪ್ರಕಟಿಸಿದ, ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸುವ ಫ್ಲೋಟ್ ವಿಧಾನದಿಂದ ಬಂದ ಇಂದಿನ ಗಾಜಿನಲ್ಲಿ ಹಳೆಯ ಗಾಜಿನ ನಸು ಅಲೆಯೂ ಇಲ್ಲ. ಆ ಚುರುಕು ಹೊಳಪಿನ ಸುತ್ತ ನಿಜವಾದ ಹಳೆಯ ಕೆತ್ತನೆಯೇ ನಕಲಿಯಂತೆ ಕಾಣುತ್ತಿತ್ತು. ಕನ್ನಡಿಯ ಕೆಲಸದ ಹಣವನ್ನು ನಾನು ತೆಗೆದುಕೊಳ್ಳಲಿಲ್ಲ.

ಕನ್ನಡಿಯಲ್ಲಿ ಮುಖ ಸ್ಪಷ್ಟವಾಗಿ ಕಾಣಬೇಕೆಂಬ ಮಗನ ಅಪೇಕ್ಷೆಯೂ ತಪ್ಪಾಗಿರಲಿಲ್ಲ, ಏಕೆಂದರೆ ಅಂಥ ಕನ್ನಡಿ ಮನೆಗೆ ಬೇಕೇ ಬೇಕು. ಆಧುನಿಕ ಶೈಲಿಯ ವಿನ್ಯಾಸಕರಿಗೆ ಕನ್ನಡಿಯೆಂದರೆ ಮೊದಲು ಉಪಕರಣ. ಇಂದೋರಿನ ಮಾಣಿಕ್ ಬಾಗ್ ಅರಮನೆಗೆ ಆರಾಮ ಕುರ್ಚಿಯನ್ನು ಒದಗಿಸಿದ ಐರಿಷ್ ವಿನ್ಯಾಸಕಿ ಐಲೀನ್ ಗ್ರೇ, 1920ರ ದಶಕದಲ್ಲಿ ದುಂಡು ಕನ್ನಡಿಯೊಂದಕ್ಕೆ ತಿರುಗುವ ತೋಳನ್ನು ಜೋಡಿಸಿ ಅದರ ತುದಿಗೆ ಪುಟ್ಟ ಕನ್ನಡಿಯನ್ನು ಇಟ್ಟಿದ್ದರು. ಅಂಥ ಸರಳವಾದ ಕನ್ನಡಿಯೊಂದನ್ನು ಕೈತೊಳೆಯುವ ಜಾಗದಲ್ಲಿ ಹಾಕಿಕೊಟ್ಟಿದ್ದರೆ ಹಳೆಯದನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

ಈಗ ಹಳೆಯ ಕನ್ನಡಿ ಬಂದರೆ ದರ ಹೇಳುವುದಕ್ಕೆ ಮೊದಲು ಹಿಂದಲಗೆಯನ್ನು ತೆಗೆಸಿ, ಬೆನ್ನಿಗೆ ಬಣ್ಣವಿದೆಯೇ, ಬೂದು ಪದರದಲ್ಲಿ ಹರಳಿನಂಥ ಮಿನುಗು ಇದೆಯೇ, ಚೌಕಟ್ಟಿನ ಕೆಳಗಿನ ತೋಡಿನಲ್ಲಿ ಹನಿಗಳು ನಿಂತಿವೆಯೇ ಎಂದು ಕಾಕಾ ಅವರ ಜೊತೆಗೇ ನೋಡುತ್ತೇನೆ. ಪಾದರಸದ್ದೆಂದು ಕಂಡರೆ ಗಾಜನ್ನು ಮುಟ್ಟುವುದಿಲ್ಲ. ಚೌಕಟ್ಟಿಗೆ ಅರಗಿನ ಪಾಲಿಶ್ ಮಾಡಿ, ಹಿಂದಲಗೆಯನ್ನು ಭದ್ರಪಡಿಸುತ್ತೇವೆ. ಸಾಗಿಸುವಾಗ ತಲೆಕೆಳಗು ಮಾಡಕೂಡದು, ಏಕೆಂದರೆ ಕೆಳಗೆ ಇಳಿದು ನಿಂತ ರಸ ಚೆನ್ನಾಗಿರುವ ಭಾಗದ ಮೇಲೆ ಹರಿಯುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಹೊರಗೋಡೆ ತಿಂಗಳುಗಟ್ಟಲೆ ತೇವ ಹಿಡಿಯುವುದರಿಂದ ಅದನ್ನು ಒಳಗೋಡೆಗೇ, ಹಿಂದೆ ಗಾಳಿಯಾಡುವಷ್ಟು ಜಾಗ ಬಿಟ್ಟು ತೂಗುಹಾಕುತ್ತೇವೆ.

ಕಳೆದ ಮಳೆಗಾಲದಲ್ಲಿ ಕ್ಯಾಂಪ್ ಭಾಗದ ಬಂಗಲೆಯೊಂದರಿಂದ ಅಂಥದೇ ಕನ್ನಡಿ ಬಂದಿತು. ಕೆಳಗಿನ ಅಂಚಿನಲ್ಲಿ ನಾಲ್ಕು ಬೆರಳು ಮಬ್ಬು. ಒಡತಿ ಎಂದಿನಂತೆ ರಸ ಬಿಟ್ಟಿದೆಯೆಂದರು. ನಾನು ಹೌದೆಂದು ಒಪ್ಪಿ, ಕಲೆಯನ್ನು ಹಾಗೆಯೇ ಬಿಟ್ಟು, ಪಾಲಿಶಿನ ದರವನ್ನಷ್ಟೇ ಬರೆದುಕೊಟ್ಟೆ.