ಮೋರಲ್ ಸೈನ್ಸ್ ಪೀರಿಯಡ್ಡಿನ ಸಂತರು

ನಮ್ಮ ಕಾಲದಲ್ಲಿ ಬೆಳಗ್ಗಿನ ಪ್ರಾರ್ಥನೆ ಮುಗಿದ ಕೂಡಲೇ ಕ್ಲಾಸು ಎರಡು ಪಾಲಾಗುತ್ತಿತ್ತು. ಕ್ರಿಶ್ಚಿಯನ್ ಮಕ್ಕಳು ದೊತೊರ್ನಿಗೆ, ಅಂದರೆ ಅವರ ಧರ್ಮಪಾಠಕ್ಕೆ, ಹೋಗುತ್ತಿದ್ದರು. ಉಳಿದ ನಮಗೆ ಮೋರಲ್ ಸೈನ್ಸ್. ಮಾರ್ಕ್ಸ್ ಇಲ್ಲದ ವಿಷಯ, ಹಾಗಾಗಿ ಹೋಂವರ್ಕ್ ಬಾಕಿ ಇಟ್ಟವರಿಗೆಲ್ಲ ಅದೇ ಹೊತ್ತು. ನಾವು ಹೈಸ್ಕೂಲಿಗೆ ಬಂದ ವರ್ಷ ಆ ಪೀರಿಯಡ್ಡನ್ನು ಇತಿಹಾಸದ ಸಿಸ್ಟರಿಗೆ ಕೊಟ್ಟರು. ನಮ್ಮ ಕಾಪಿ ಹೊಡೆಯುವ ಕೆಲಸ ಅಲ್ಲಿಗೆ ನಿಂತಿತು.

ಸಿಸ್ಟರ್ ಸಂತರ ಕತೆ ಹೇಳುತ್ತಿದ್ದರು, ಪವಾಡ ಮಾತ್ರ ಹೇಳುತ್ತಿರಲಿಲ್ಲ. "ಪವಾಡ ದೊತೊರ್ನಿನವರಿಗಿರಲಿ. ಈ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡ್ತಿದ್ದ, ಕೈಯಲ್ಲಿ ಏನು ಹಿಡ್ಕೊಂಡು ಹೋಗ್ತಿದ್ದ, ಅದು ಮಾತ್ರ ನಾನು ಹೇಳ್ತೇನೆ" ಎನ್ನುತ್ತಿದ್ದರು.

ಹಾಗೆ ನಮಗೆ ಸಿಕ್ಕಿದವರು ಪೀಟರ್ ಕ್ಲೇವರ್. 1580ರಲ್ಲಿ ಸ್ಪೇನಿನ ಕತಲೋನಿಯಾದಲ್ಲಿ, ಬೇಸಾಯದ ಮನೆಯಲ್ಲಿ ಹುಟ್ಟಿದವರು. ಯೇಸುಸಭೆ ಎಂಬ ಪಾದ್ರಿಗಳ ಸಂಘ (ಜೆಸ್ವಿಟರು) ಸೇರಿ 1610ರಲ್ಲಿ ಕಾರ್ತಹೇನಕ್ಕೆ ಬಂದರು. ಈಗಿನ ಕೊಲಂಬಿಯಾದ ಬಂದರು ಅದು. ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡು ಬಂದ ಹಡಗುಗಳು ಅಲ್ಲಿ ಇಳಿಸುತ್ತಿದ್ದವು. ಹಡಗು ಬಂತು ಎಂದು ಗೊತ್ತಾದರೆ ಸಾಕು, ಕ್ಲೇವರ್ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದರು. ಚೀಲದಲ್ಲಿ ಲಿಂಬೆ, ಕಿತ್ತಳೆ, ರೊಟ್ಟಿ, ಹೊಗೆಸೊಪ್ಪು, ಬ್ರಾಂದಿ.

ಬ್ರಾಂದಿ ಎಂದಾಗ ನಾವೆಲ್ಲ ಕಿಸಕ್ಕನೆ ನಕ್ಕೆವು. ಸಿಸ್ಟರ್ ಬೈಯಲಿಲ್ಲ. ಹಡಗಿನ ಕೆಳಗಿನ ಉಗ್ರಾಣದಲ್ಲಿ ಜನರನ್ನು ಸಂಕೋಲೆ ಹಾಕಿ ವಾರಗಟ್ಟಲೆ ಹೇಗೆ ತರುತ್ತಿದ್ದರು ಎಂದು ನಿಧಾನವಾಗಿ ಹೇಳಿದರು. ಆ ನಾತಕ್ಕೆ ಊರಿನವರು ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಬಂದವರಲ್ಲಿ ಎಷ್ಟೋ ಜನರಿಗೆ ಇನ್ನೊಂದು ಹೆದರಿಕೆ: ಈ ಬಿಳಿಯರು ನಮ್ಮನ್ನು ಕೊಂದು ಮೈಯಿಂದ ಎಣ್ಣೆ ತೆಗೆಯುತ್ತಾರೆ ಅಂತ. ಕ್ಲೇವರ್‌ಗಿಂತ ಮೊದಲೇ ಅಲ್ಲಿ ಈ ಕೆಲಸ ಮಾಡುತ್ತಿದ್ದ ಅಲೋನ್ಸೊ ದೆ ಸಾಂದೊವಾಲ್ ಎಂಬ ಪಾದ್ರಿ ಇದನ್ನು ಬರೆದಿಟ್ಟಿದ್ದಾರೆ. "ಅಂಥವರ ಮುಂದೆ ನಿಂತು ಉಪದೇಶ ಮಾಡಲಿಕ್ಕೆ ಆಗ್ತದಾ? ಮೊದಲು ಬಾಯಿಗೆ ನೀರು, ಕೈಗೆ ಹಣ್ಣು" ಎಂದರು ಸಿಸ್ಟರ್. ಕ್ಲೇವರ್ ತಮ್ಮ ಮೇಲಂಗಿ ಬಿಚ್ಚಿ ಕಾಯಿಲೆಯವರಿಗೆ ಹೊದಿಸುತ್ತಿದ್ದರು, ಅದನ್ನೇ ಮಡಚಿ ತಲೆಯಡಿಗೆ ಇಡುತ್ತಿದ್ದರು. ಆಮೇಲೆ ಅದೇ ಅಂಗಿ ತೊಟ್ಟು ಹೊರಡುತ್ತಿದ್ದರು. ಊರಿನ ಸಾಹುಕಾರರಿಗೆ ಹೇಗಾಗಿರಬೇಡ!

ಭಾಷೆಯ ಸಮಸ್ಯೆ ಬೇರೆ. ಅಂಗೋಲಾದವರು, ಗಿನಿಯವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅದಕ್ಕೇ ಕ್ಲೇವರ್ ಜೊತೆಗೆ ಯಾವಾಗಲೂ ದುಭಾಷಿಗಳಿರುತ್ತಿದ್ದರು. ಅವರಲ್ಲೊಬ್ಬರು ಅಂಗೋಲಾದ ಆಂಡ್ರೆಸ್ ಸಕಬೂಚೆ. ಕ್ಲೇವರ್ ತೀರಿಕೊಂಡ ಮೇಲೆ ಅವರನ್ನು ಸಂತರೆನ್ನಬಹುದೇ ಎಂಬ ವಿಚಾರಣೆ ನಡೆದಾಗ ಸಾಕ್ಷಿ ಹೇಳಿದವರಲ್ಲಿ ಸಕಬೂಚೆಯೂ ಇದ್ದರು.

ಈ ದುಭಾಷಿಗಳೂ ಗುಲಾಮರೇ. ಕ್ಲೇವರ್ ಇದ್ದ ಯೇಸುಸಭೆಯ ಕಾಲೇಜೇ ಅವರನ್ನು ದುಡ್ಡು ಕೊಟ್ಟು ಕೊಂಡಿತ್ತು. ಸಿಸ್ಟರ್ ಇದನ್ನು ಮುಚ್ಚಿಡಬಹುದಿತ್ತು, ಪರೀಕ್ಷೆಗೆ ಬರುವ ವಿಷಯವಂತೂ ಅಲ್ಲ. ಹೇಳಿಯೇಬಿಟ್ಟರು. ಹಿಂದಿನ ಬೆಂಚಿನ ಗೆಳೆಯ ಎದ್ದು ನಿಂತ. "ಹಾಗಾದ್ರೆ ಇವ್ರು ಯಾವ ಸೀಮೆ ಸಂತ, ಸಿಸ್ಟರ್? ಈ ವ್ಯಾಪಾರ ನಿಲ್ಲಿಸಿ ಅಂತ ಯಾಕೆ ಹೇಳ್ಲಿಲ್ಲ?"

"ಒಳ್ಳೆ ಪ್ರಶ್ನೆ. ಕೂತ್ಕೋ" ಎಂದರು ಸಿಸ್ಟರ್. ಆಮೇಲೆ ಇನ್ನೆರಡು ಸಂಗತಿ ಹೇಳಿದರು. 1622ರಲ್ಲಿ ಕೊನೆಯ ವ್ರತ ತೆಗೆದುಕೊಂಡಾಗ ಕ್ಲೇವರ್ ತಮ್ಮ ಸಹಿಯ ಜೊತೆಗೆ 'ಆಫ್ರಿಕದವರಿಗೆ ಎಂದೆಂದಿಗೂ ದಾಸ' ಎಂದು ಬರೆದರು. ಕೊನೆಯ ವರ್ಷಗಳಲ್ಲಿ ಅವರೇ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಬಿಟ್ಟಿದ್ದ ಗುಲಾಮ ಅವರನ್ನು ಸರಿಯಾಗಿ ನೋಡಲಿಲ್ಲ. ಕ್ಲೇವರ್ ದೂರು ಹೇಳಲಿಲ್ಲ, ನನ್ನ ಪಾಪಕ್ಕೆ ಇದು ತಕ್ಕದ್ದೇ ಎಂದುಕೊಂಡರು. ಈ ಕೊನೆಯ ಭಾಗ ಕೇಳಿದಾಗಲೆಲ್ಲ ನನಗೆ ಆ ಗುಲಾಮನ ಕಡೆಯೇ ಮನಸ್ಸು ಹೋಗುತ್ತದೆ. ಅವನನ್ನು ಯಾರೂ ಕೇಳಿ ಆ ಕೆಲಸಕ್ಕೆ ಹಾಕಿರಲಿಲ್ಲ, ಅಲ್ವಾ? ಕ್ಲೇವರ್ 1654ರಲ್ಲಿ ತೀರಿಕೊಂಡರು. 1888ರಲ್ಲಿ ಸಂತರೆಂದು ಘೋಷಣೆಯಾಯಿತು. ಕೊಲಂಬಿಯಾ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು ತಂದದ್ದು 1851ರಲ್ಲಿ.

ಪೆರು ದೇಶದ ಲಿಮಾದ ಮಾರ್ಟಿನ್ ದೆ ಪೊರೆಸ್ ಕತೆಗೆ ಅಷ್ಟು ಹೊತ್ತು ಸಿಗಲಿಲ್ಲ. ಅಪ್ಪ ಸ್ಪೇನಿನವ, ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸು. ಅಂಥ ಮಕ್ಕಳಿಗೆ ಮಠದಲ್ಲಿ ಪೂರ್ತಿ ಸದಸ್ಯತ್ವ ಕೊಡುವ ಹಾಗಿರಲಿಲ್ಲ. ಮಾರ್ಟಿನ್ ಆಳಾಗಿ ಒಳಗೆ ಸೇರಿದರು. ಕ್ಷೌರ, ಗಾಯಕ್ಕೆ ಔಷಧ ಕಟ್ಟುವುದು, ನೆಲ ಗುಡಿಸುವುದು. ಈಗಲೂ ಅವರ ಚಿತ್ರದಲ್ಲಿ ಕೈಯಲ್ಲಿ ಪೊರಕೆ ಇರುತ್ತದೆ. 1962ರಲ್ಲಿ ಅವರೂ ಸಂತರಾದರು.

ಜೋಸೆಫ್ ವಾಝ್ ಮಾತ್ರ ನಮ್ಮ ಕಡೆಯವರೇ ಎನ್ನಬೇಕು. ಗೋವಾದ ಬೆಣಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಕೊಂಕಣಿಯವರು. 1681ರಿಂದ 1684ರವರೆಗೆ ನಮ್ಮ ಕರಾವಳಿಯಲ್ಲಿ ಓಡಾಡಿದವರು. ಮಂಗಳೂರು ಹತ್ತಿರದ ಮುಡಿಪಿನ ಗುಡ್ಡಕ್ಕೆ ಶಾಲೆಯಿಂದ ಪಿಕ್‌ನಿಕ್ ಹೋದಾಗ ವಾಝ್ ಪವಾಡದಿಂದ ಅಲ್ಲಿ ನೀರು ಚಿಮ್ಮಿದ ಕತೆಯನ್ನು ಬೇರೆ ಟೀಚರು ಹೇಳಿದರು. ಸಿಸ್ಟರ್ ನಮಗೆ ಬುತ್ತಿ ಹಂಚುತ್ತಾ ಶ್ರೀಲಂಕಾದ ಕತೆ ಹೇಳಿದರು. ಆಗ ಗೋವಾದಲ್ಲಿದ್ದ ಯುರೋಪಿನ ಪಾದ್ರಿಗಳ ಸಭೆಗಳು ಊರಿನವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ವಾಝ್ ಮತ್ತು ಜೊತೆಯ ಗೋವಾದ ಪಾದ್ರಿಗಳು ತಮ್ಮದೇ ಒಂದು ಸಭೆ ಕಟ್ಟಿಕೊಂಡರು. 1687ರಲ್ಲಿ ವಾಝ್ ಕೂಲಿಯ ವೇಷ ಹಾಕಿ ಶ್ರೀಲಂಕಾ ಸೇರಿದರು. ಅಲ್ಲಿ ಕರಾವಳಿ ಡಚ್ಚರ ಕೈಯಲ್ಲಿತ್ತು, ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶವಿರಲಿಲ್ಲ. ಬರಿಗಾಲಲ್ಲಿ ಊರೂರು ತಿರುಗಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಎಂಬ ಗುಮಾನಿಯಲ್ಲಿ ಸೆರೆಯಲ್ಲೂ ಇದ್ದರು. 1697ರಲ್ಲಿ ಅದೇ ಕ್ಯಾಂಡಿಗೆ ಸಿಡುಬು ಬಂದಾಗ ಅನುಕೂಲ ಇದ್ದವರು ಊರು ಬಿಟ್ಟರು. ವಾಝ್ ಉಳಿದರು. ರೋಗಿಗಳಿಗೆ ಗಂಜಿ ಕೊಟ್ಟರು, ಸತ್ತವರನ್ನು ಮಣ್ಣು ಮಾಡಿದರು.

2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ವಾಝ್ ಅವರನ್ನು ಸಂತರೆಂದು ಘೋಷಿಸಿದರು. ಅವತ್ತು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪ್ ತುಂಬ ಮುಡಿಪಿನ ಫೋಟೋಗಳೇ. ಹಿಂದಿನ ಬೆಂಚಿನ ಆ ಗೆಳೆಯ ಈಗ ವಕೀಲ. ಅವನೂ ಒಂದು ಮೆಸೇಜ್ ಹಾಕಿದ: "ಇವ್ರು ಡಚ್ಚರ ಕಾನೂನು ಮುರಿದ್ರಲ್ಲಾ, ಮತ್ತೆ ಕ್ಲೇವರ್‌ಗೆ ಏನಾಗಿತ್ತು?" ದೊತೊರ್ನಿಗೆ ಹೋದವರು ಒಂದು ಕಡೆ, ಮೋರಲ್ ಸೈನ್ಸಿನವರು ಇನ್ನೊಂದು ಕಡೆ ಆಗಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಕ್ಲೇವರ್ ಪರವಾಗಿ ಜಾಸ್ತಿ ವಾದ ಮಾಡಿದ್ದು ನಾನೇ.