ಕ್ರಿಪ್ಟೋಲೀಮಸ್ ಪೆಟ್ಟಿಗೆ: ದಾಸವಾಳದಿಂದ ಇರುವೆ ಇಳಿದವು

ಕೊನೆಗೂ ಕೆಲಸ ಆಯಿತು. ದಾವಣಗೆರೆಯ ಈ ತಾರಸಿಯ ದಾಸವಾಳದಲ್ಲಿ ಕ್ರಿಪ್ಟೋಲೀಮಸ್ ಎಂಬ ದುಂಬಿಯ ಮರಿಗಳು ಗಿಡದ ರಸ ಹೀರುವ ಹಿಟ್ಟು ತಿಗಣೆಯನ್ನು ಹಾಡಹಗಲೇ ಮೇಯುತ್ತಿವೆ.

ಈ ದುಂಬಿಯನ್ನು ಪೆಟ್ಟಿಗೆಯಲ್ಲಿ ಸಾಕುವುದು ಸಿಹಿಗುಂಬಳದ ಕಾಯಿಯ ಮೇಲೆ ಬೆಳೆಸಿದ ತಿಗಣೆ ತಿನ್ನಿಸಿ. ಕಾಯಿ ತೊಳೆಯುವುದು, ಶಿಲೀಂಧ್ರನಾಶಕ ಕಾರ್ಬೆಂಡಜಿಮ್‌ನಲ್ಲಿ ಅದ್ದುವುದು, ಗಾಯಕ್ಕೆ ಮೇಣ ಹಚ್ಚುವುದು ಎಲ್ಲರಿಗೂ ಗೊತ್ತು, ಬಿಡಿ. ಸಿಹಿಗುಂಬಳಕ್ಕೆ ತೊಟ್ಟು ಮಾತ್ರ ಇರಲೇಬೇಕು. ಮುರಿದಿದ್ದರೆ ಕೊಳೆ ಅಲ್ಲಿಂದಲೇ ಶುರು. ತಿಗಣೆ ಕಾಯಿ ತುಂಬಲು 15–20 ದಿನ, ದುಂಬಿ ಬಿಟ್ಟ ಮೇಲೆ ಹೊಸ ದುಂಬಿ ಏಳಲು ಸುಮಾರು 30 ದಿನ ಬೇಕು. ಅಷ್ಟು ದಿನ ಬಾಳುವ ಕಾಯಿಗಾಗಿ ಸಂತೆಯಲ್ಲಿ ಒಂದೊಂದನ್ನೇ ತಿರುಗಿಸಿ ನೋಡುತ್ತ ಕೂತರೆ ವ್ಯಾಪಾರಿ ಮುಖ ಸಿಂಡರಿಸುತ್ತಾನೆ. ಹುಳು ಸಾಕಲು ಅಂದರೆ ಇನ್ನೂ ಕಷ್ಟ.

ಪೆಟ್ಟಿಗೆಯೊಳಗೆ ತಕರಾರಿಲ್ಲ. ನಾಲ್ಕು ಕಾಲಿಗೂ ಸೋಪುನೀರಿನ ಬಟ್ಟಲು ಇಟ್ಟರೆ ಇರುವೆ ಹತ್ತುವುದಿಲ್ಲ. ಕಾಟ ಇರುವುದು ಗಿಡದ ಮೇಲೆ. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಅದನ್ನು ನೆಕ್ಕಿ ತಿಗಣೆಗೆ ಕಾವಲು ನಿಲ್ಲುತ್ತದೆ. ಕ್ರಿಪ್ಟೋಲೀಮಸ್ ಮೊಟ್ಟೆ ಇಡುವುದು ತಿಗಣೆಯ ಹತ್ತಿಯಂಥ ಮೊಟ್ಟೆಚೀಲದಲ್ಲಿ. ಕಾವಲು ಬಿಗಿಯಾಗಿರುವುದೂ ಅಲ್ಲೇ. ದುಂಬಿ ಮೊಟ್ಟೆ ಇಡದೆ ಹಾರಿಹೋಗುತ್ತದೆ. ಬೆಳೆದ ಮರಿಗೆ ಬಿಳಿ ಮೇಣದ ಎಳೆಗಳ ಹೊದಿಕೆ ಇರುವುದರಿಂದ ಸ್ವಲ್ಪ ರಕ್ಷಣೆ ಉಂಟು, ಕಚ್ಚಿದ ಇರುವೆಯ ಬಾಯಿಗೆ ಮೇಣ ಮೆತ್ತುತ್ತದೆ. (ತಿಗಣೆಯೆಂದು ಈ ಮರಿಗಳನ್ನೇ ಹೊಸಕಿ ಹಾಕುವ ಮಹನೀಯರೂ ಇದ್ದಾರೆ.) ಆಗತಾನೆ ಮೊಟ್ಟೆಯೊಡೆದ ಮರಿಗೆ ಆ ಹೊದಿಕೆಯೂ ಇಲ್ಲ. ಒಂದು ಮರಿ ಬೆಳೆಯುವಷ್ಟರಲ್ಲಿ 900ರಿಂದ 1500 ತಿಗಣೆ ಮೊಟ್ಟೆ ತಿನ್ನಬಲ್ಲದು ಎಂಬ ಲೆಕ್ಕವೆಲ್ಲ ಇರುವೆ ಇಲ್ಲದ ಗಿಡಕ್ಕೆ.

ಇರುವೆ ಹತ್ತದಿರಲೆಂದು ಕಾಂಡಕ್ಕೆ ಗ್ರೀಸನ್ನು ನೇರವಾಗಿ ಬಳಿಯಬೇಡಿ, ತೊಗಟೆ ಸುಡುತ್ತದೆ. ಮೊದಲು ಪೇಪರ್ ಟೇಪು ಬಿಗಿಯಾಗಿ ಸುತ್ತಿ, ಹರಳೆಣ್ಣೆಯಲ್ಲಿ ರಾಳ ಕರಗಿಸಿದ ಅಂಟನ್ನು ಅದರ ಮೇಲೆ ಹಚ್ಚಬೇಕು. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಈ ಊರಿನ ಧೂಳು ಅಂಟಿನ ಮೇಲೆ ಕೂತರೆ ಇರುವೆಗೆ ಟಾರು ರಸ್ತೆಯೇ ಸಿಕ್ಕಂತೆ. ಪಟ್ಟಿಯನ್ನು ಆಗಾಗ ಕೆದಕಿ ಹೊಸ ಅಂಟು ಬಳಿಯಲೇಬೇಕು.

ಪಟ್ಟಿ ಮಾತ್ರ ಸಾಲದು, ಬುಡದಲ್ಲಿ ಮದ್ದೂ ಬೇಕು: 100 ಮಿ.ಲೀ. ಬಿಸಿನೀರು, 25 ಗ್ರಾಂ ಸಕ್ಕರೆ, 1 ಗ್ರಾಂ ಬಿಳಿಗಾರ (ಬೊರಾಕ್ಸ್). ಬಿಳಿಗಾರ 5 ಗ್ರಾಂ ಆದರೆ ಕುಡಿದ ಇರುವೆ ಬೇಗ ಸಾಯುತ್ತದೆ, ಗೂಡಿನ ರಾಣಿಗೆ ಏನೂ ಮುಟ್ಟುವುದಿಲ್ಲ. ನಿಧಾನ ವಿಷವೇ ಬೇಕು. ಗ್ರಂಥಿಗೆ ಅಂಗಡಿಯೊಂದರಲ್ಲಿ ಬಿಳಿಗಾರ ಕೇಳಿದರೆ ಪಟಿಕದ ಪುಡಿ ಕಟ್ಟಿಕೊಟ್ಟರು, ದರ ಮಾತ್ರ ಬಿಳಿಗಾರದ್ದೇ. ಪರೀಕ್ಷೆ ಸುಲಭ: ಪುಡಿಯನ್ನು ನೀರಲ್ಲಿ ಕರಗಿಸಿ ಚಿಟಿಕೆ ಅರಿಶಿನ ಹಾಕಿ. ಬಿಳಿಗಾರ ಕ್ಷಾರ, ಕೆಂಪು-ಕಂದು ಬಣ್ಣ ಬರುತ್ತದೆ. ಪಟಿಕದಲ್ಲಿ ಹಳದಿ ಹಳದಿಯೇ.

ಕ್ರಮ ಮುಖ್ಯ. ಗಿಡದ ಮೇಲೆ ಸಿಹಿ ಅಂಟು ಪುಕ್ಕಟೆ ಸಿಗುವವರೆಗೆ ಸಕ್ಕರೆ ಪಾಕವನ್ನು ಇರುವೆ ಮೂಸಿಯೂ ನೋಡದು. ಹಾಗಾಗಿ ಪಟ್ಟಿ ಮೊದಲು. ಮೇಲೆ ಸಿಕ್ಕಿಬಿದ್ದ ಇರುವೆಗಳನ್ನು ಕೊಡವಿ ಇಳಿಸಿ, ಆಮೇಲೆ ಸಾಲಿನ ಪಕ್ಕ ಮದ್ದು ಇಡಿ. ಮುಚ್ಚಳವಿರುವ ಡಬ್ಬಿಗೆ ಸಣ್ಣ ತೂತು ಕೊರೆದು, ಒಳಗೆ ಪಾಕದಲ್ಲಿ ನೆನೆಸಿದ ಹತ್ತಿ ಇಟ್ಟರೆ ಮಕ್ಕಳು, ಬೆಕ್ಕು ಬಾಯಿ ಹಾಕುವ ಭಯವಿಲ್ಲ. ಹತ್ತಿ ಒಣಗಿದರೆ ಬದಲಿಸಿ. ಕುಂಡದ ಮಣ್ಣಿಗೆ ಚೆಲ್ಲಬೇಡಿ, ಬೋರಾನ್ ಹೆಚ್ಚಾದರೆ ಎಲೆಯಂಚು ಸುಡುತ್ತದೆ.

ಅಂದಹಾಗೆ, ಪಕ್ಕದ ಪಪ್ಪಾಯಿಯಲ್ಲಿ ಸ್ಪಾಲ್ಗಿಸ್ ಎಪಿಯಸ್ ಮರಿ ಕಂಡಿದೆ. ಚಿಟ್ಟೆಯ ಮರಿ, ಆದರೆ ಎಲೆ ಮುಟ್ಟದು, ತಿನ್ನುವುದು ತಿಗಣೆಯನ್ನೇ. ತಿಗಣೆಯ ಹಿಟ್ಟನ್ನೇ ಮೈಗೆ ಬಳಿದುಕೊಂಡು ನಡುವೆ ಕೂರುತ್ತದೆ. ಕೋಶ ನೋಡಿದರೆ ಥೇಟ್ ಕೋತಿ ಮುಖ! ಮುಂದಿನ ಪೆಟ್ಟಿಗೆ ಅದಕ್ಕೇ. ಮರಿ ಸಾಕುವುದಕ್ಕಿಂತ ಚಿಟ್ಟೆಗಳನ್ನು ಪಂಜರದಲ್ಲಿ ಜೋಡಿಯಾಗಿಸುವುದೇ ತಲೆನೋವು ಆಗಬಹುದು, ಸೊಳ್ಳೆಪರದೆಯ ದೊಡ್ಡ ಗೂಡು ಹೊಲಿಸಬೇಕು.

ದಾಸವಾಳಕ್ಕೆ ಮರಳಿದರೆ, ಪಟ್ಟಿ, ಮದ್ದು ಎರಡೂ ಇದ್ದೂ ಒಂದು ಗಿಡಕ್ಕೆ ಇರುವೆ ಬರುತ್ತಲೇ ಇತ್ತು. ಬಟ್ಟೆ ಒಣಹಾಕುವ ತಂತಿಗೆ ಒಂದು ಎಲೆ ತಾಗಿತ್ತು, ಅದೇ ಸೇತುವೆ. ಗೋಡೆ, ತಂತಿ, ಪಕ್ಕದ ಕುಂಡ ಯಾವುದಕ್ಕೂ ತಾಗದಂತೆ ರೆಂಬೆ ಸವರಿದ ಮೇಲೆ ಸಂಜೆ ಹೊತ್ತು ಹುಳು ಬಿಡಿ. ಇರುವೆ ಪೂರ್ತಿ ಹೋಗಿರದ ಗಿಡಕ್ಕೆ ದುಂಬಿ ಬೇಡ, ಮೇಣ ಕಟ್ಟಿದ ದೊಡ್ಡ ಮರಿಗಳನ್ನೇ ಬಿಡಿ, ಗಿಡಕ್ಕೆ ಹತ್ತರಂತೆ.