ಕಾಲ್ಗೂರ್ಲಿಯ ಚಿನ್ನದ ಗಣಿಗೆ ಹೋಗುವವರು ಮೊದಲು ನೀರಿನ ಪೈಪ್ ನೋಡಿ

ಮಕ್ಕಳೋ ನೆಂಟರೋ ಆಸ್ಟ್ರೇಲಿಯಾದ ಪರ್ತ್‌ನಲ್ಲಿರುವ ಮನೆಗಳು ನಮ್ಮ ಚಿಕ್ಕಮಗಳೂರು ಕಡೆ ಈಗ ಕಡಿಮೆಯೇನಲ್ಲ. ಅಲ್ಲಿಗೆ ಹೋದವರು ಸಮುದ್ರ ನೋಡಿ, ಪಾರ್ಕು ಸುತ್ತಿ ವಾಪಸ್ ಬರುತ್ತಾರೆ. ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ಹೋದರೆ ಕೆಂಪು ಮಣ್ಣಿನ ಒಣನಾಡಿನಲ್ಲಿ ಕಾಲ್ಗೂರ್ಲಿ ಎಂಬ ಊರಿದೆ. ಅಲ್ಲಿರುವುದು ಆ ದೇಶದ ಅತಿ ದೊಡ್ಡ ತೆರೆದ ಚಿನ್ನದ ಗಣಿಗಳಲ್ಲೊಂದು, ಸೂಪರ್ ಪಿಟ್. ನಾನೂ ನಮ್ಮ ಭಾವನವರೂ ಕಾರಿನಲ್ಲಿ ಹೋಗಿ ಬಂದೆವು. ನೀವೂ ಹೋಗುವುದಾದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಪರ್ತ್‌ನಿಂದ ವಿಮಾನದಲ್ಲಿ ಒಂದು ಗಂಟೆಯ ದಾರಿ. ಆದರೆ ದಯವಿಟ್ಟು ಹಾಗೆ ಹೋಗಬೇಡಿ, ರಸ್ತೆಯಲ್ಲೇ ಹೋಗಿ. ಹೊರಡುವ ಮೊದಲು ಪರ್ತ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮಂಡೇರಿಂಗ್ ಅಣೆಕಟ್ಟನ್ನು ನೋಡಲೇಬೇಕು. ಕಾಲ್ಗೂರ್ಲಿ ಕುಡಿಯುವ ನೀರಿನ ಪೈಪ್ ಹೊರಡುವುದು ಅಲ್ಲಿಂದ.

1893ರಲ್ಲಿ ಪ್ಯಾಡಿ ಹ್ಯಾನನ್ ಮತ್ತು ಅವನ ಇಬ್ಬರು ಜೊತೆಗಾರರಿಗೆ ಕಾಲ್ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ಬಂದು ಸೇರಿದರು. ನೀರು ಮಾತ್ರ ಇಲ್ಲ. ಕೆರೆಗಳೆಲ್ಲ ಉಪ್ಪು. ಆ ಉಪ್ಪುನೀರನ್ನೇ ಸೌದೆ ಉರಿಸಿ ಕಾಯಿಸಿ, ಹಬೆಯನ್ನು ತಣಿಸಿ, ಗ್ಯಾಲನ್ ಲೆಕ್ಕದಲ್ಲಿ ಮಾರುತ್ತಿದ್ದರು. ಟೈಫಾಯ್ಡ್‌ಗೆ ಎಷ್ಟೋ ಜನ ಸತ್ತರು. ಆಗ ಸಿ.ವೈ. ಓ'ಕಾನರ್ ಎಂಬ ಎಂಜಿನಿಯರ್, 530 ಕಿಲೋಮೀಟರ್ ಉದ್ದದ ಉಕ್ಕಿನ ಪೈಪ್ ಹಾಕಿ, ಎಂಟು ಪಂಪಿಂಗ್ ಸ್ಟೇಷನ್‌ಗಳಿಂದ ನೀರು ಏರಿಸುವ ಯೋಜನೆ ಮಾಡಿದರು. ಪತ್ರಿಕೆಗಳೂ ರಾಜಕಾರಣಿಗಳೂ ಅವರನ್ನು ಹಿಗ್ಗಾಮುಗ್ಗಾ ಬೈದರು. 1902ರ ಮಾರ್ಚ್‌ನಲ್ಲಿ ಅವರು ಪ್ರಾಣ ಕಳೆದುಕೊಂಡರು. ನೀರು ಕಾಲ್ಗೂರ್ಲಿ ಮುಟ್ಟಿದ್ದು 1903ರ ಜನವರಿಯಲ್ಲಿ. ಅದೇ 1902ರಲ್ಲಿ ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಚಿನ್ನ ಇದೆ ಎಂದರೆ ಸರ್ಕಾರಗಳು ಎಷ್ಟು ದೂರಕ್ಕೆ ಬೇಕಾದರೂ ಕೈ ಚಾಚುತ್ತವೆ!

ಗ್ರೇಟ್ ಈಸ್ಟರ್ನ್ ಹೈವೇಯಲ್ಲಿ ಬಹಳ ದೂರದವರೆಗೆ ಈ ಪೈಪ್ ರಸ್ತೆಯ ಪಕ್ಕದಲ್ಲೇ ಬರುತ್ತದೆ. ಕುಂಡರ್ಡಿನ್‌ನಲ್ಲಿ ಹಳೆಯ ಪಂಪಿಂಗ್ ಸ್ಟೇಷನ್ನೇ ಈಗ ಮ್ಯೂಸಿಯಂ. ಮೆರಿಡಿನ್‌ನಲ್ಲಿ ಬೇರೆ ಬೇರೆ ಕಾಲದ ಮೂರು ಸ್ಟೇಷನ್‌ಗಳಿವೆ. ಎರಡೂ ಕಡೆ ಇಳಿದು ನೋಡಿ. ಮಧ್ಯಾಹ್ನದ ಬಿಸಿಲಿಗೆ ಪೈಪಿನ ಮೇಲೆ ಕೈ ಇಟ್ಟರೆ ಚುರ್ ಅನ್ನುತ್ತದೆ. ಕುದುರೆಮುಖದ ಅದಿರು ರಾಡಿ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿದ್ದುದನ್ನು ಕಂಡವರು ನಾವು. ಇಲ್ಲಿ ಗಣಿಗಾಗಿ ನೀರು ಮೇಲೇರಿ ಬಂದಿದೆ. ಮಳೆ ಸಾಕಪ್ಪಾ ಸಾಕು ಅನ್ನುವ ಕಳಸ, ಕೊಪ್ಪದವರಿಗೆ ಇದು ಜಾಸ್ತಿ ತಟ್ಟುತ್ತದೆ.

ಡ್ರೈವಿಂಗ್ ನಮ್ಮ ಹಾಗೆ ಎಡಗಡೆಯೇ. ನಿಲ್ಲದೆ ಹೋದರೆ ಆರೇಳು ಗಂಟೆ. ಮೆರಿಡಿನ್, ಸದರ್ನ್ ಕ್ರಾಸ್ ಎರಡರಲ್ಲೂ ಪೆಟ್ರೋಲ್ ತುಂಬಿಸಿಕೊಳ್ಳಿ. ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ, ಕಾಂಗರೂಗಳು ಸೀದಾ ರಸ್ತೆಗೆ ಹಾರುತ್ತವೆ. ಎರಡು ಮೂರು ಟ್ರೇಲರ್ ಎಳೆಯುವ ಲಾರಿಗಳು ಎದುರಾಗುತ್ತವೆ, ಅವನ್ನು ಓವರ್‌ಟೇಕ್ ಮಾಡಲು ಆತುರ ಬೇಡ. ಡ್ರೈವಿಂಗ್ ಆಗದವರಿಗೆ ಪ್ರಾಸ್ಪೆಕ್ಟರ್ ರೈಲಿದೆ, ಹತ್ತಿರ ಹತ್ತಿರ ಏಳು ಗಂಟೆ.

ಇನ್ನು ಗಣಿ. ಊರಿಗೆ ಅಂಟಿಕೊಂಡೇ ಇರುವ ಲುಕ್‌ಔಟ್‌ನಲ್ಲಿ ನಿಂತು ಕೆಳಗೆ ನೋಡಬಹುದು, ದುಡ್ಡಿಲ್ಲ. ಉದ್ದ ಸುಮಾರು ಮೂರೂವರೆ ಕಿಲೋಮೀಟರ್, ಅಗಲ ಒಂದೂವರೆ, ಆಳ 600 ಮೀಟರ್‌ಗೂ ಹೆಚ್ಚು. ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿ ತುದಿಗೆ ಎಷ್ಟು ಏರು ಇದೆಯೋ, ಅದರ ಮುಕ್ಕಾಲು ಪಾಲು ನೆಲದೊಳಕ್ಕೆ ಇಳಿದಂತೆ. 200 ಟನ್‌ಗೂ ಜಾಸ್ತಿ ಹೊರುವ ಟ್ರಕ್ಕುಗಳು ತಳದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತವೆ. ಸುಮ್ನೆ ಫೋಟೋ ತೆಗೆದು ಹೊರಡಬೇಡಿ. ದುರ್ಬೀನು ಇದ್ದರೆ ಗೋಡೆಯನ್ನು ನಿಧಾನವಾಗಿ ನೋಡಿ. ಅಲ್ಲಲ್ಲಿ ಚೌಕದ ಕಪ್ಪು ತೂತುಗಳು ಕಾಣುತ್ತವೆ. ಅವು ನೂರು ವರ್ಷದ ಹಿಂದೆ ಜನ ಕೊರೆದ ಸುರಂಗಗಳು. ಮೊದಲು ಇಲ್ಲೂ ಕೋಲಾರದ ಹಾಗೆ ನೆಲದೊಳಗಿನ ಬೇರೆ ಬೇರೆ ಗಣಿಗಳೇ ಇದ್ದದ್ದು. 1980ರ ದಶಕದಲ್ಲಿ ಅವನ್ನೆಲ್ಲ ಒಂದುಗೂಡಿಸಿ ಮೇಲಿಂದಲೇ ಅಗೆಯತೊಡಗಿದರು. ಕೋಲಾರ ಮೂರು ಕಿಲೋಮೀಟರ್ ಆಳಕ್ಕೆ ಹೋಗಿ 2001ರಲ್ಲಿ ಮುಚ್ಚಿತು. ಇದು ಇನ್ನೂ ನಡೆಯುತ್ತಿದೆ.

ಒಂದು ಟನ್ ಕಲ್ಲಿಗೆ ಸಿಗುವುದು ಒಂದೆರಡು ಗ್ರಾಂ ಚಿನ್ನ. ಕಲ್ಲನ್ನು ಹಿಟ್ಟು ಮಾಡಿ, ಸಯನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ, ಇದ್ದಿಲಿಗೆ ಹಿಡಿಸಿ ತೆಗೆಯುತ್ತಾರೆ. ಉಳಿದ ರಾಡಿ ಊರಿನ ಸುತ್ತ ಚಪ್ಪಟೆ ದಿಬ್ಬಗಳಾಗಿ ನಿಂತಿದೆ. ಕುದುರೆಮುಖ ಗಣಿಯ ರಾಡಿ ತುಂಬಿದ ಲಕ್ಯಾ ಡ್ಯಾಮ್ ನೋಡಿದವರು ಆ ದಿಬ್ಬಗಳ ಎದುರು ಸ್ವಲ್ಪ ಹೊತ್ತು ನಿಲ್ಲಿ. ಕುದುರೆಮುಖದಲ್ಲಿ ಗಣಿ ನಿಂತದ್ದು 2005ರ ಕೊನೆಗೆ. ಅದಿರೂ ಹೋಯಿತು, ಕೆಲಸವೂ ಹೋಯಿತು, ರಾಡಿ ಇನ್ನೂ ಅಲ್ಲೇ ಇದೆ. ಚಿನ್ನದ ಬೆಲೆಯಲ್ಲಿ ಈ ರಾಡಿ ಕಾಯುವ ಖರ್ಚೂ ಸೇರಬೇಕು ಅಂತ ನನಗೆ ಬಲವಾಗಿ ಅನ್ನಿಸಿತು.

ಸಿಡಿಮದ್ದು ಸಿಡಿಸುವ ವೇಳೆಯನ್ನು ಮೊದಲೇ ತಿಳಿಸಿರುತ್ತಾರೆ, ಹೋಟೆಲಿನಲ್ಲಿ ಕೇಳಿಕೊಂಡು ಹೋಗಿ. ಗಣಿಯ ಆವರಣದೊಳಗೆ ಬಸ್ಸಿನಲ್ಲಿ ಕರೆದೊಯ್ಯುವ ಟೂರ್ ಬೇಕಾದರೆ ಮುಂಚೆಯೇ ಬುಕ್ ಮಾಡಿ. ಮುಚ್ಚಿದ ಶೂ ಹಾಕಿಕೊಳ್ಳಿ.

ಡಿಸೆಂಬರ್‌ನಿಂದ ಫೆಬ್ರವರಿ ಬೇಡವೇ ಬೇಡ, ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ತೋಟದವರಿಗೂ ಅದು ಕಾಫಿ ಕೊಯ್ಲಿನ ಕಾಲ ಅಲ್ವಾ? ಆಗಸ್ಟ್, ಸೆಪ್ಟೆಂಬರ್ ಚೆನ್ನ. ದಾರಿಯುದ್ದ ಕಾಡುಹೂ ಅರಳಿರುತ್ತದೆ. ರಾತ್ರಿ ಚಳಿ ಇರುತ್ತದೆ, ಸ್ವೆಟರ್ ಇರಲಿ. ಆದರೆ ಆಗಸ್ಟ್ ಮೊದಲ ವಾರ ಬಿಡಿ. ಆಗ ಡಿಗ್ಗರ್ಸ್ ಅಂಡ್ ಡೀಲರ್ಸ್ ಎಂಬ ಗಣಿ ಉದ್ಯಮದವರ ದೊಡ್ಡ ಸಮ್ಮೇಳನ ನಡೆಯುತ್ತದೆ, ಊರಿನಲ್ಲಿ ರೂಮು ಸಿಗುವುದು ಕಷ್ಟ. ಬೇರೆ ವಾರಗಳಲ್ಲೂ ಗಣಿ ಕೆಲಸದವರು ರೂಮು ಹಿಡಿದಿರುತ್ತಾರೆ, ಹಾಗಾಗಿ ಮೊದಲು ರೂಮು ಬುಕ್ ಮಾಡಿ, ಆಮೇಲೆ ಕಾರು. ಮನೆಯಿಂದ ಉಪ್ಪಿನಕಾಯಿ, ಕಾಫಿಪುಡಿ, ಮೆಣಸು ಏನು ಒಯ್ದರೂ ಆಸ್ಟ್ರೇಲಿಯಾದಲ್ಲಿ ವಿಮಾನ ಇಳಿಯುವಾಗ ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿ. ಮುಚ್ಚಿಟ್ಟರೆ ದೊಡ್ಡ ದಂಡ ಹಾಕುತ್ತಾರೆ.